ಮೂರು ಗೀಟು

ಒಣದ್ರಾಕ್ಷಿಯ ವಾಸನೆ ಇಲ್ಲಿಗೂ ಏರಿ ಬಂದಿದೆ, ಸಿಹಿ, ಸ್ವಲ್ಪ ಗಂಧಕ, ಸ್ವಲ್ಪ ಇಲಿ — ಯಾವ ಊರಿನ ಯಾವ ಕಟ್ಟಡದ ಪಿಒಪಿ ಚಾವಣಿಯ ಮೇಲೆ ಹತ್ತಿದರೂ ನನಗಿಂತ ಮೊದಲು ಒಂದು ಇಲಿ ಬಂದು ಹೋಗಿರುತ್ತದೆ, ಅದಕ್ಕೆ ಯಾರೂ ಏಣಿ ಹಿಡಿಯುವುದಿಲ್ಲ, ಅದು ಏನು ಹೇಳುತ್ತದೋ ಎಂದು ಯಾರೂ ಕೆಳಗೆ ಕಾಯುವುದಿಲ್ಲ, ಪುಣ್ಯ ಮಾಡಿದ ಪ್ರಾಣಿ. ತೆವಳು ಆಮ್ರಪಾಲಿ, ಟಾರ್ಚು ಹಲ್ಲಲ್ಲಿ, ಮೊಣಕೈ ಕಬ್ಬಿಣದ ಪಟ್ಟಿಯ ಮೇಲೆ, ಪಟ್ಟಿ ಬಿಟ್ಟು ಒಂದು ಗೇಣು ಆಚೆ ಊರಿದರೆ ಪಿಒಪಿ ಹಪ್ಪಳದಂತೆ ಮುರಿದು ನೇರ ಕೆಳಗಿನ ಹಾಲಿಗೆ, ದ್ರಾಕ್ಷಿ ಆರಿಸುವ ಉದ್ದ ಮೇಜಿನ ಮೇಲೆ, ಶಿವಯೋಗೆಪ್ಪ ಸಾಹುಕಾರರ ಕಣ್ಣೆದುರಿಗೇ ಬೀಳುತ್ತೀ, ಬಿದ್ದರೂ ಒಳ್ಳೆಯದೇ, ಆಸ್ಪತ್ರೆಗೆ ಹೊತ್ತೊಯ್ಯುವ ಗದ್ದಲದಲ್ಲಿ ಎಸಿಯ ಪೈಪು ಕತ್ತರಿಸುವುದು ಇವತ್ತಿಗಾದರೂ ನಿಂತೀತು. ಇದು ಎಷ್ಟನೆಯದು, ಎರಡನೆಯ ಬೆಸುಗೆ, ಇನ್ನೂ ಮುಂದೆ, ಐದನೆಯದೇ ಬೇಕಂತೆ ಹುಬ್ಬಳ್ಳಿಯಿಂದ ಬಂದ ಕಂಪನಿಯ ಇಂಜಿನಿಯರ್ ಪ್ರತಾಪನಿಗೆ, ಅಂಗಿಯ ಇಸ್ತ್ರಿಯ ಗೆರೆ ಕೂಡ ಕೆಟ್ಟಿಲ್ಲ ಅವನದು, ಒಂದು ಗೇಣು ತುಂಡು ಕತ್ತರಿಸಿ ಕೆಳಗ ಬಿಡ್ರಿ ಮೇಡಂ, ಒಳಗ ಸ್ವಚ್ಛ ಇದ್ರ ನಮ್ಮ ಯಂತ್ರದ ತಪ್ಪು, ಕಪ್ಪ ಇದ್ರ ಬೆಸುಗಿ ಹಾಕಿದವ್ರ ತಪ್ಪು, ಅಷ್ಟ — ಎಷ್ಟು ಹಗುರಾಗಿ ಹೇಳಿದ, ಕಲ್ಲಂಗಡಿ ಕೊಯ್ದು ನೋಡುವವನ ಹಾಗೆ. ನನಗೆ ಕೊಯ್ಯದೆಯೇ ಗೊತ್ತು. ಒಳಗೆ ಕಪ್ಪು. ನಾಲ್ಕು ವರ್ಷದಿಂದ ಗೊತ್ತು. ಎಡಗಿಸೆಯಲ್ಲಿ ಉಜ್ಜುವ ಪಾಲಿಶ್ ಪೇಪರ್ ಇದೆಯೇ, ಇದೆ, ಹತ್ತಿದಾಗಿನಿಂದ ಇದು ನಾಲ್ಕನೆಯ ಸಲ ಮುಟ್ಟಿ ನೋಡಿದ್ದು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನೂ ಇಷ್ಟು ಸಲ ಮುಟ್ಟಿರಲಿಕ್ಕಿಲ್ಲ, ಮುಂದೆ ನಡೆ.

ಏಣಿ ಹಿಡಿದು ಕೆಳಗೆ ನಿಂತಿರುವವರು ಜಿಲಾನಿ ಉಸ್ತಾದರು, ಅರವತ್ತನಾಲ್ಕು ವರ್ಷ, ಮೊಣಕಾಲು ಹೋಗಿವೆ, ಕಿವಿ ಮುಕ್ಕಾಲು ಹೋಗಿದೆ, ನಲವತ್ತು ವರ್ಷ ಕಂಪ್ರೆಸರುಗಳಿಗೆ ಹಚ್ಚಿ ರೋಗ ಕಂಡುಹಿಡಿದ ಕಿವಿ, ಅವೆಲ್ಲ ಗುಣವಾದವು, ಕಿವಿ ಕೆಟ್ಟಿತು. ಬಬಲೇಶ್ವರದ ಸಂತೆಯಲ್ಲಿ ಸೋಡಾ ಅಂಗಡಿಯವರ ಫ್ರಿಜ್ ರಿಪೇರಿಯಿಂದ ಶುರು ಮಾಡಿದವರು, ಇವತ್ತಿಗೂ ಆ ಊರಿನ ಐಸ್‌ಕ್ರೀಮ್ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರೆ ತಾಮ್ರದ ಪೈಪಿನ ಮೇಲೆ ಮೂರು ಗೀಟು, ವಿಜಯಪುರದ ಬಟ್ಟೆ ಅಂಗಡಿಗಳ ಮಾಳಿಗೆ ಹತ್ತಿದರೆ ಮೂರು ಗೀಟು, ಉಗುರಿನಿಂದ ಗೀರಿದಷ್ಟು ಸಣ್ಣವು, ಒಂದಕ್ಕೊಂದು ಸಮ. ಅವರ ಉಸ್ತಾದ ಹಸನಸಾಬನದು ಎರಡು ಗೀಟು ಇತ್ತಂತೆ, ಹಸನಸಾಬನ ಉಸ್ತಾದ ಬುಡ್ಡೇಸಾಬನದು ಒಂದೇ, ಓದು ಬರಹ ಬಾರದವರ ವಂಶಾವಳಿ, ಕೆಲಸ ಮಾಡಿದವನ ಗುರುತು ಇರಬೇಕು ಬೇಟಿ, ಇಲ್ಲಂದ್ರ ಕೆಟ್ಟಾಗ ಮಂದಿ ಯಾರನ್ನ ಕೇಳಬೇಕು ಎನ್ನುತ್ತಿದ್ದರು ಉಸ್ತಾದರು. ನನ್ನ ಮೊದಲ ಬೆಸುಗೆಯ ಪಕ್ಕ ನಾನು ನಾಲ್ಕು ಗೀಟು ಎಳೆಯಲು ಹೋದಾಗ ಮೊಳೆ ಹಿಡಿದ ಕೈಯನ್ನು ಹಿಡಿದರು, ನಿನಗ್ಯಾಕ ಗೀಟು, ನಿನಗ ಅಕ್ಷರ ಬರತಾವ, ಅಕ್ಷರ ಬರಿ. ಆಮ್ರಪಾಲಿಯ ಆ ಎಂದು ಗೀಚಿದೆ. ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದರು, ಬಾಲ ಐತಲ್ಲ ಇದಕ್ಕ ಅಂದರು, ನಕ್ಕೆವು. ಐಟಿಐ ಮುಗಿಸಿ ವಿಜಯಪುರದ ಆರು ಅಂಗಡಿ ತಿರುಗಿದ್ದೆ, ಹೆಣ್ಣಮಗಳು ಏಣಿ ಹತ್ತತೀಯೇನು ಎಂದು ಒಬ್ಬ, ನಿಮ್ಮ ಮನಿ ಇಬ್ರಾಹಿಂಪುರದಾಗ ಯಾವ ಓಣಿ ಎಂದು ಇನ್ನೊಬ್ಬ, ಓಣಿಯ ಹೆಸರು ಹೇಳಿದ ಮೇಲೆ ಅವನಲ್ಲಿ ಕೆಲಸ ಖಾಲಿ ಇರಲಿಲ್ಲ, ಉಸ್ತಾದರೊಬ್ಬರೇ ಕೈ ತೋರಿಸು ಅಂದದ್ದು, ಸಣ್ಣ ಕೈ ಅದಾವ, ಸಂದಿಗೆ ಹೋಗತಾವ, ನಾಳಿ ಬಾ. ಇಷ್ಟು ದೊಡ್ಡ ಯಂತ್ರ ಅವರೂ ಅರವತ್ತಕ್ಕೆ ಬಂದ ಮೇಲೇ ಕಂಡದ್ದು, ಮಾಳಿಗೆಯ ಮೇಲೆ ಒಂದೇ ಪೆಟ್ಟಿಗೆ, ಕೆಳಗೆ ಒಂಬತ್ತು ಕೋಣೆ, ತೊಳೆದ ದ್ರಾಕ್ಷಿ ಒಣಗಿಸುವ ಕೋಣೆಗೆ ಬಿಸಿ, ಅದೇ ಹೊತ್ತಿಗೆ ಆರಿಸುವ ಹಾಲಿಗೆ ತಂಪು, ಕಂಪನಿಯ ಇಂಗ್ಲಿಷ್ ಪುಸ್ತಕವನ್ನು ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳಿ ಮರುದಿನ ಅದನ್ನೇ ಕೈಯಲ್ಲಿ ಮಾಡಿ ತೋರಿಸುತ್ತಿದ್ದರು, ಒಂದ ಹೊಟ್ಟ್ಯಾಗ ಬೆಂಕಿನೂ ಐತಿ ಥಂಡಿನೂ ಐತಿ, ಇದೂ ನಮ್ಮ ತಸ್ಲೀಮನಂಗ ಎಂದು ಹೆಂಡತಿಯನ್ನು ನೆನೆಸಿಕೊಂಡು ನಗುತ್ತಿದ್ದರು. ಮೂರನೆಯ ಬೆಸುಗೆಯೂ ದಾಟಿತು, ಇಲ್ಲಿಯವರೆಗೆ ಎಲ್ಲ ಸರಿ, ಇಲ್ಲಿಯವರೆಗಿನದನ್ನು ಯಾರು ಕತ್ತರಿಸಿದರೂ ನನಗೆ ಭಯವಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಮೂರು ಮುಗಿದ ಮೇಲೆ ಊಟಕ್ಕೆ ಎದ್ದೆ. ಮೇ ತಿಂಗಳು, ಈ ತಿಕೋಟಾದ ಬಿಸಿಲು, ಆಗ ಈ ಚಾವಣಿ ಇನ್ನೂ ಇರಲಿಲ್ಲ, ಪೈಪು ಬಯಲಲ್ಲೇ ನೇತಾಡುತ್ತಿತ್ತು, ಅವತ್ತು ಮೊದಲ ಸಲ ಉಸ್ತಾದರು ಬೆಂಕಿಯ ನಳಿಗೆಯನ್ನು ನನ್ನೊಬ್ಬಳ ಕೈಗೆ ಕೊಟ್ಟು, ಈ ಸಾಲು ನಿಂದ, ಎಂಟು ಬೆಸುಗಿ, ಸಂಜಿ ಒಳಗ ಮುಗಸು, ಒಳಗ ನೈಟ್ರೋಜನ್ ಹರೀಲಿಕ್ಕೇ ಬೇಕು, ಅದೊಂದು ಮರೀಬ್ಯಾಡ ಎಂದು ಮಾಳಿಗೆಗೆ ಹೋದರು. ತಾಮ್ರಕ್ಕೆ ಹೊರಗಿನಿಂದ ಬೆಂಕಿ ಹಿಡಿದಾಗ ಒಳಗೆ ಗಾಳಿ ಇದ್ದರೆ ಒಳಗೋಡೆ ಸುಟ್ಟು ಕಪ್ಪಾಗುತ್ತದೆ, ಗಾಳಿಯನ್ನು ಹೊರದೂಡಲು ನೈಟ್ರೋಜನ್ ಹರಿಸಬೇಕು, ಇಲ್ಲದಿದ್ದರೆ ಆ ಮಸಿ ವರ್ಷಗಟ್ಟಲೆ ಚೂರುಚೂರೇ ಉದುರಿ ಗ್ಯಾಸಿನ ಸಂಗಡ ಓಡಿ ಸೂಜಿಮೊನೆಯಷ್ಟು ಕಿರಿದಾದ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ, ಇದನ್ನು ಅವರಿಗೆ ಓದಿ ಹೇಳಿದವಳೇ ನಾನು. ರೊಟ್ಟಿಯ ಗಂಟು ಬಿಚ್ಚುವಷ್ಟರಲ್ಲಿ ಅವ್ವ ಹುಲಿಗೆವ್ವನ ಫೋನು, ಜೈನಾಪುರಕ್ಕ ಹೊಂಟೇನಿ, ಬಸ್ಸಿನ್ಯಾಗ ಕುಂತ ಮ್ಯಾಲ ನೆನಪಾತು ನೋಡು, ಒಲಿ ಸಿಲಿಂಡರ್ ಬಂದ್ ಮಾಡೀನೋ ಇಲ್ಲೋ. ಹುಲಿಗೆವ್ವ, ನಿನಗ ಎಷ್ಟು ಸಲ ಹೇಳಬೇಕು ಬೇ, ಮನಿ ಬಿಡೂ ಮುಂದ ಒಮ್ಮೆ ಕೈಲೆ ತಿರುವಿ ನೋಡು ಅಂತ — ಹೊರಗೆ ಹೋಗಿ ಬೇವಿನ ನೆರಳಲ್ಲಿ ನಿಂತು ಅರ್ಧ ಗಂಟೆ ಅವ್ವನಿಗೆ ಉಪದೇಶ, ಪಕ್ಕದ ಮನೆಯವರಿಗೆ ಫೋನು, ಬೀಗದ ಕೈ ಎಲ್ಲಿದೆ, ಕಿಟಕಿಯಿಂದ ನೋಡಿ, ಬಂದ್ ಮಾಡಿದ್ದಳು ಅವ್ವ, ಸರಿಯಾಗಿಯೇ ಮಾಡಿದ್ದಳು. ಬಂದ್ ಮಾಡದವಳು ನಾನು. ಒಳಗೆ ಬಂದು ಮೀಟರು ನೋಡಿದರೆ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು, ನನ್ನ ಸಿಲಿಂಡರು ತೆರೆದೇ ಉಳಿದು ಅರ್ಧ ಗಂಟೆ ಖಾಲಿ ಹಾಲಿಗೆ ಊದಿ ಊದಿ ಮುಗಿದುಹೋಗಿತ್ತು, ಬೇರೆ ಸಿಲಿಂಡರು ವಿಜಯಪುರದಿಂದ ಬರಬೇಕು, ಅಂದರೆ ನಾಳೆ. ಹೇಳಬಹುದಿತ್ತು, ಮಾಳಿಗೆಗೆ ಹನ್ನೆರಡು ಮೆಟ್ಟಿಲು, ಉಸ್ತಾದ್ ಮರೆತೆ ಅಂದರೆ ಒಂದು ಬೈಗುಳ, ಒಂದು ದಿನ ತಡ, ಅಷ್ಟೇ. ಆದರೆ ಆಚೆ ವೈರು ಎಳೆಯುತ್ತಿದ್ದ ಗಂಡಸರು ಬೆಳಗಿನಿಂದ, ನೋಡ್ರಪಾ ಒಲಿ ಮುಂದ ಕುಂತಾಳ, ರೊಟ್ಟಿ ಬ್ಯಾಡ ಪೈಪ್ ಸುಡಾಕತ್ತಾಳ ಎಂದು ನಗುತ್ತಿದ್ದರು, ಸಂಜೆಯೊಳಗೆ ಎಂಟು ಮುಗಿಸಿ ತೋರಿಸುತ್ತೇನೆ ಎಂದು ಹಲ್ಲು ಕಚ್ಚಿ ಕೂತಿದ್ದೆ, ಆ ಹಠಕ್ಕಿಷ್ಟು ಬೆಂಕಿ ಬೀಳಲಿ. ನೈಟ್ರೋಜನ್ ಇಲ್ಲದೆಯೇ ನಾಲ್ಕು, ಐದು, ಆರು, ಏಳು, ಎಂಟು. ಹೊರಗಿನಿಂದ ಬೆಳ್ಳಿಯ ಉಂಗುರದ ಹಾಗೆ ನುಣುಪು ಬೆಸುಗೆ, ಪ್ರತಿಯೊಂದರ ಪಕ್ಕ ಬಾಲವಿರುವ ಆ. ಉಸ್ತಾದರು ಇಳಿದು ಬಂದು ನೈಟ್ರೋಜನ್ ಬಿಟ್ಟಿದ್ದಿ ಹೌದಿಲ್ಲೋ ಬೇಟಿ ಅಂದರು, ಹೂಂರಿ, ಈಗ ಖಾಲಿ ಆತು ನೋಡ್ರಿ ಅಂದೆ. ಮೀಟರನ್ನು ನೋಡಿದರು, ನನ್ನನ್ನು ನೋಡಿದರು. ಮಾಳಿಗಿ ಮ್ಯಾಲ ನಟ್ ಬಿಗಿ ಮಾಡೂದೈತಿ ಹೋಗು, ಈ ಪೈಪಿಗೆ ತಂಪ ಹಿಡಿಯೂ ಸ್ಪಂಜ್ ನಾನ ಸುತ್ತತೇನಿ ಅಂದರು, ಬೆಳಗಿನಿಂದ ಕೈ ಮೇಲೆತ್ತಿ ಸೋತ ನನ್ನ ಮೇಲೆ ಕರುಣೆ ಬಂತು ಅಂದುಕೊಂಡು ಓಡಿದೆ.

ಎರಡು ಬೇಸಿಗೆ ಚೆನ್ನಾಗಿ ನಡೆಯಿತು, ಸುಳ್ಳೂ ತಂಪಾಗಿಯೇ ಇತ್ತು. ಮೂರನೆಯದರಲ್ಲಿ ಈ ಹಾಲಿನ ವಾಲ್ವು ಕಟ್ಟಿತು, ಬದಲಿಸಿದೆವು, ಮೂರು ತಿಂಗಳಿಗೆ ಮತ್ತೆ ಕಟ್ಟಿತು, ಮತ್ತೆ ಬದಲಿಸಿದೆವು, ಈ ವರ್ಷ ಮಾರ್ಚಿಗೇ ನಿಂತಿತು, ಒಂಬತ್ತು ಕೋಣೆಯಲ್ಲಿ ಎಂಟು ಸರಿ, ಇದೊಂದು ಒಲೆ. ಸೆಖೆಗೆ ದ್ರಾಕ್ಷಿ ಕೈಗೆ ಅಂಟುತ್ತದೆ, ಅಂಟಿದ್ದು ಉಂಡೆಯಾಗುತ್ತದೆ, ಬಣ್ಣ ಇಳಿಯುತ್ತದೆ, ಅದು ಸಾಹುಕಾರರ ಚಿಂತೆ, ಮೂವತ್ತು ಹೆಂಗಸರು ತಟ್ಟೆಯಿಂದಲೇ ಗಾಳಿ ಬೀಸಿಕೊಂಡು ಆರಿಸುತ್ತಿದ್ದರಲ್ಲ, ಸೆರಗು ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿಕೊಂಡು, ಅವರಲ್ಲಿ ಹಿರಿಯಳು ಅಮೋಘಿ ನನ್ನನ್ನು ಕಂಡಾಗಲೆಲ್ಲ, ನೀ ಬಂದಿ ಅಂದ್ರ ತಂಪಾಗತೈತಿ ನಮ್ಮವ್ವ ಎಂದು ಹಿಡಿ ದ್ರಾಕ್ಷಿ ಕೈಗೆ ಸುರಿಯುತ್ತಾಳೆ, ಆ ದ್ರಾಕ್ಷಿ ನನಗೆ ಇಳಿಯುವುದಿಲ್ಲ, ದಾರಿಯಲ್ಲಿ ಯಾರಿಗಾದರೂ ಕೊಡುತ್ತೇನೆ. ಇವತ್ತು ಬೆಳಗ್ಗೆ ಗ್ಯಾಸನ್ನೆಲ್ಲ ಹೊರಗೆಳೆದು ಪೈಪು ಖಾಲಿ ಮಾಡುವಾಗ ಸಾಹುಕಾರರು ಉಸ್ತಾದರಿಗೆ ಎಲ್ಲರೆದುರು ಅಂದರು, ನಿಮ್ಮ ಹೆಸರಿಗೆ ಕೊಟ್ಟಿದ್ದೆ ಕೆಲಸ, ಕಂಪನಿಗಲ್ಲ. ಅಷ್ಟೇ ಅಂದದ್ದು, ದನಿ ಕೂಡ ಏರಿಸಲಿಲ್ಲ, ಉಸ್ತಾದರು ತಲೆಯ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ಬೆಸುಗೆ ಯಾರದೆಂದು ಗೊತ್ತಾದರೆ ಅವರ ಹೆಸರು ಕಂಪನಿಯ ಮೆಕ್ಯಾನಿಕ್ಕುಗಳ ಪಟ್ಟಿಯಿಂದ ಹೋಗುತ್ತದೆ ಎಂದ ಪ್ರತಾಪ, ಆಮೇಲೆ ಆ ಕಂಪನಿಯ ಯಂತ್ರ ಮುಟ್ಟುವ ಹಾಗಿಲ್ಲ. ಗುರುತು ನೋಡಿ ಹೇಳು ಯವ್ವಾ ಎಂದರು ಸಾಹುಕಾರರು ನನಗೆ, ನಾನು ಬಾಯಿ ತೆರೆಯುವ ಮೊದಲೇ ಉಸ್ತಾದರು, ನೋಡೂದೇನೈತ್ರಿ, ಮೂರು ಗೀಟು ಇರತಾವ, ಈ ಹಾಲಿನ ಕೆಲಸ ನಂದ. ಮರೆತಿದ್ದಾರೆ, ಪಾಪ, ವಯಸ್ಸು, ಈ ಸಾಲನ್ನು ನನಗೆ ಕೊಟ್ಟದ್ದೇ ಮರೆತಿದ್ದಾರೆ — ಮೈಯೊಳಗಿಂದ ಒಂದು ಭಾರ ಇಳಿದ ಹಾಗಾಯಿತು, ಇಳಿದದ್ದಕ್ಕೆ ಹೇಸಿಗೆಯೂ ಆಯಿತು, ಎರಡೂ ಒಂದೇ ಹೊತ್ತಿಗೆ, ಈ ಯಂತ್ರದ ಹಾಗೆಯೇ. ಆಗಲೇ ಪಾಲಿಶ್ ಪೇಪರ್ ಕಿಸೆಗೆ ಸೇರಿದ್ದು. ಐದನೆಯದರ ಪಕ್ಕದ ನನ್ನ ಅಕ್ಷರ ಉಜ್ಜಿಹಾಕಿದರೆ ಮುಗಿಯಿತು, ಗುರುತಿಲ್ಲದ ಪೈಪು, ಒಪ್ಪಿಕೊಂಡವರು ಕೆಳಗಿದ್ದಾರೆ, ಅವರಿಗೆ ಅರವತ್ತನಾಲ್ಕು, ನನಗೆ ಮೂವತ್ತೆರಡು, ಪಟ್ಟಿಯಲ್ಲಿ ಹೆಸರಿದ್ದರೆಷ್ಟು ಬಿಟ್ಟರೆಷ್ಟು ಅವರಿಗೆ, ಹೇಗೂ ಏಣಿ ಹತ್ತುವುದಿಲ್ಲ, ಕಿವಿ ಕೇಳುವುದಿಲ್ಲ, ನನಗೆ ಇದು ಅನ್ನ. ಇಷ್ಟನ್ನೂ ಯೋಚಿಸಿದೆ, ಏಣಿಯ ಒಂದೊಂದು ಮೆಟ್ಟಿಲಿಗೆ ಒಂದೊಂದು, ಅವರು ಏಣಿಯನ್ನು ಅಲ್ಲಾಡದಂತೆ ಹಿಡಿದಿದ್ದರು.

ಐದು. ಇದೇ. ಟಾರ್ಚಿನ ಬೆಳಕಲ್ಲಿ ಕಪ್ಪು ಸ್ಪಂಜು, ಅಂಚಿಗೆ ಟೇಪು, ಟೇಪು ಸುತ್ತಿದ ರೀತಿಯೇ ಉಸ್ತಾದರದು, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವ ಹಾಗೆ, ಬ್ಲೇಡು ಎಲ್ಲಿ, ಇಲ್ಲಿ, ಸೀಳು, ಬಿಡಿಸು, ಬೆವರು ಕಣ್ಣಿಗೆ ಬಂತು, ಒರೆಸಿಕೋ, ಯಾಕ ತಡಾತ್ರಿ ಮೇಡಂ ಎಂದು ಕೆಳಗಿನಿಂದ ಪ್ರತಾಪ, ಬಂದೆನಪ್ಪ ಬಂದೆ, ನಿನ್ನ ಅಂಗಿ ಮಾಸುವುದಿಲ್ಲ ನಿಲ್ಲು. ಪಾಲಿಶ್ ಪೇಪರ್ ಬಲಗೈಗೆ ಬಂದಿದೆ, ಇನ್ನು ನನ್ನ ಆ ಎಲ್ಲಿ, ಬೆಸುಗೆಯ ಎಡಗಡೆಗೆ ಬರೆಯುತ್ತಿದ್ದೆ, ಇಲ್ಲ, ಬಲಗಡೆ, ಇಲ್ಲ, ಇನ್ನೂ ಸ್ವಲ್ಪ ಬಿಡಿಸು — ಮೂರು ಗೀಟು. ಮೂರು ಗೀಟು ಇವೆ. ಸಣ್ಣವು, ಸಮ. ಎಣಿಕೆ ತಪ್ಪಿತೇ, ನಾಲ್ಕನೆಯದೇ ಇದು, ಆರನೆಯದೇ, ಹಿಂದಕ್ಕೆ ತೆವಳಿ ನಾಲ್ಕರ ಸ್ಪಂಜು ಸೀಳಿದೆ, ಮೂರು ಗೀಟು, ಮುಂದಕ್ಕೆ ಹೋಗಿ ಆರರದು ಸೀಳಿದೆ, ಮೂರು ಗೀಟು, ಮತ್ತೆ ಐದಕ್ಕೆ ಬಂದು ಟಾರ್ಚನ್ನು ಓರೆ ಹಿಡಿದು ನೋಡಿದೆ, ಗೀಟುಗಳ ಕೆಳಗೆ ತಾಮ್ರ ಒಂದು ಹೆಬ್ಬೆರಳಿನ ಅಗಲಕ್ಕೆ ಸ್ವಲ್ಪ ತಗ್ಗು, ಅರದಿಂದ ಉಜ್ಜಿದ ತಗ್ಗು, ಅದರ ಅಂಚಿಗೆ ಒಂದು ಕೂದಲೆಳೆಯಷ್ಟು ಬಾಲ ಉಳಿದಿದೆ. ನನ್ನ ಬಾಲ. ಮರೆತಿರಲಿಲ್ಲ ಅವರು. ಸ್ಪಂಜ್ ನಾನ ಸುತ್ತತೇನಿ, ಮಾಳಿಗಿಗೆ ಹೋಗು — ಅವತ್ತೇ ಗೊತ್ತು, ಮುಳ್ಳು ನೋಡಿದಾಗಲೇ ಗೊತ್ತು, ನಾನು ನಟ್ಟು ಬಿಗಿಯುತ್ತ ಹಾಡು ಗುನುಗುತ್ತಿದ್ದಾಗ ಅವರು ಇಲ್ಲಿ ನನ್ನ ಒಂದೊಂದೇ ಅಕ್ಷರ ಉಜ್ಜಿ ತಮ್ಮ ಗೀಟು ಹಾಕಿದ್ದಾರೆ. ಸಿಟ್ಟು ಬಂತು, ಅಳುವಿಗಿಂತ ಮೊದಲು ಸಿಟ್ಟೇ ಬಂದದ್ದು, ಯಾಕೆ ಕತ್ತರಿಸಿ ಹಾಕಲಿಲ್ಲ ಅವತ್ತೇ, ಯಾಕೆ ಕಪಾಳಕ್ಕೆ ಒಂದು ಕೊಟ್ಟು ಐದನ್ನೂ ಮತ್ತೆ ಮಾಡಿಸಲಿಲ್ಲ, ಗಂಡಸರೆದುರು ನನ್ನ ಮಾನ ಉಳಿಸಿದಿರೇ, ಎರಡು ಬೇಸಿಗೆ ಅಮೋಘಿ ಕುತ್ತಿಗೆಗೆ ಒದ್ದೆ ಸೆರಗು ಸುತ್ತಿಕೊಂಡದ್ದು ಯಾರ ಲೆಕ್ಕಕ್ಕೆ, ತಪ್ಪು ನಿಮ್ಮದೂ ಇದೆ ಉಸ್ತಾದ್. ತಿಕೋಟಾಕ್ಕೆ ಬಂದಾಗಲೆಲ್ಲ ಚಹಾ ಕುಡಿಯುತ್ತ ನನ್ನ ಬಾಯನ್ನೇ ನೋಡುತ್ತ ಕೂತಿರುತ್ತಿದ್ದರು, ಕಿವಿ ಕೇಳದವರು ತುಟಿ ನೋಡುತ್ತಾರೆ ಎಂದುಕೊಂಡು ನಾನು ದೊಡ್ಡ ದನಿಯಲ್ಲಿ ಬಿಸಿಲಿನ ಮಾತು, ಬಸ್ಸಿನ ಮಾತು, ಅವ್ವನ ಮಂಡಿನೋವಿನ ಮಾತು ಹೇಳುತ್ತಿದ್ದೆ. ನಾಲ್ಕು ವರ್ಷ ಕಾದಿದ್ದಾರೆ, ಆ ಒಂದು ಮಾತು ಬರಲಿ ಎಂದು, ಚಹಾ ಆರಿಹೋಗುತ್ತಿತ್ತು.

ಪೈಪಿಗೆ ಕಟರ್ ಹಚ್ಚಿದೆ, ತಿರುಗಿಸು, ಬಿಗಿ ಮಾಡು, ತಿರುಗಿಸು, ತಾಮ್ರದ ಸಣ್ಣ ಕಿರುಗುಟ್ಟುವಿಕೆ, ಪಾಲಿಶ್ ಪೇಪರ್ ಎಲ್ಲೋ ಕತ್ತಲಲ್ಲಿ ಬಿತ್ತು, ಇಲಿಗೆ ಇರಲಿ, ಒಂದು ಕಡೆ ತುಂಡಾಯಿತು, ಇನ್ನೊಂದು ಕಡೆ, ತಿರುಗಿಸು, ಒಂದು ಗೇಣು ತುಂಡು ಕೈಗೆ ಬಂತು, ನಡುವೆ ಬೆಸುಗೆಯ ಉಂಗುರ, ಹೊರಗೆ ಕೆಂಪಗೆ ಹೊಳೆಯುತ್ತದೆ, ಒಳಗೆ ಟಾರ್ಚು ಬಿಟ್ಟು ನೋಡಿದರೆ ಹಂಚಿನ ಬೆನ್ನು, ಬೆರಳು ತುರುಕಿ ತೆಗೆದರೆ ಮಸಿ. ಮೇಲ್ಜೇಬಿನಲ್ಲಿ ಉಕ್ಕಿನ ಮೊಳೆ ಇದೆ, ಉಸ್ತಾದರೇ ಕೊಟ್ಟದ್ದು, ಮೂರು ಗೀಟಿನ ಪಕ್ಕ ಜಾಗ ಸಾಕಷ್ಟಿದೆ, ಗೀಚು, ಬಾಲ ಉದ್ದವಾಯಿತು, ಆಗಲಿ, ಆ. ತುಂಡನ್ನು ಕ್ಯಾನ್ವಾಸ್ ಚೀಲಕ್ಕೆ ಹಾಕಿ ಹಿಮ್ಮುಖ ತೆವಳಿದೆ, ನಾಲ್ಕು, ಮೂರು, ಎರಡು, ಪಟ್ಟಿ ಬಿಡಬೇಡ, ಕಿಂಡಿಯ ಬೆಳಕು ಬಂತು, ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಟ್ಟೆ, ಸಾವಕಾಶ, ಸಾವಕಾಶ, ಏಣಿಯ ಬುಡದಲ್ಲಿ ಇರುವವರೇ ಮೊದಲು ಹಿಡಿಯುವುದು, ಉಸ್ತಾದರು ಚೀಲದೊಳಗೆ ಕೈ ಹಾಕಿ ತುಂಡು ಹೊರಗೆ ತೆಗೆದರು, ಇಲ್ಲಿಂದ ಅವರ ಟೊಪ್ಪಿಗೆ ಕಾಣುತ್ತದೆ, ಕೈ ಕಾಣುತ್ತದೆ, ಮುಖ ಕಾಣುವುದಿಲ್ಲ. ತುಂಡನ್ನು ಒಮ್ಮೆ ತಿರುಗಿಸಿದರು. ಉಗುರಿನ ಸುತ್ತ ಸುಟ್ಟ ಕಲೆಯಿರುವ ಆ ಹೆಬ್ಬೆರಳು ಮೆಲ್ಲಗೆ ಸರಿದು ನನ್ನ ಅಕ್ಷರದ ಮೇಲೆ ಕೂತಿತು. ನೋಡ್ರಿ ಸಾಹೇಬ್ರ, ಒಳಗ ಕಪ್ಪ ಐತಿ, ಹೊರಗ ಮೂರು ಗೀಟು, ನಾ ಹೇಳಿದ್ದೆನಲ್ರಿ. ಪ್ರತಾಪ ಬಗ್ಗಿ ಒಳಗೆ ನೋಡಿದ, ಹೊರಗೆ ನೋಡಿದ, ಪೆನ್ನು ತೆಗೆದ, ಪೂರ್ತಿ ಹೆಸರು ಹೇಳ್ರಿ ಎಂದ. ಉಸ್ತಾದ್, ಬೆರಳ ತಗೀರಿ — ನನ್ನ ದನಿಯೇ, ಇಷ್ಟು ಸಣ್ಣದೇ ನನ್ನ ದನಿ, ಕೇಳಿಸಲಿಲ್ಲ ಅವರಿಗೆ, ಏನ ಅಂತಾಳ್ರಿ ಅಕಿ ಎಂದು ಸಾಹುಕಾರರು, ಏನಿಲ್ರಿ, ಇಳೀತೇನಿ ಅಂತಾಳ ಎಂದು ಉಸ್ತಾದರು, ಮೇಲೆ ನೋಡಲೂ ಇಲ್ಲ, ಅಂದರೆ ಕೇಳಿಸಿದೆ. ಕಿಂಡಿಯ ಅಂಚು ಎರಡೂ ಕೈಯಿಂದ ಹಿಡಿದು ಸೊಂಟದವರೆಗೆ ತೂಗಿಬಿದ್ದು ಕೂಗಿದೆ, ಬೆರಳ ತಗೀರಿ ಉಸ್ತಾದ್, ಅದರ ಕೆಳಗ ನನ್ನ ಅಕ್ಷರ ಐತಿ, ನಾಕರಿಂದ ಎಂಟರ ತನಕ ನನ್ನ ಕೈ, ನೈಟ್ರೋಜನ್ ಇರಲಿಲ್ಲ, ನನಗ ಗೊತ್ತಿತ್ತು. ಪೆನ್ನು ನಿಂತಿದೆ, ಸಾಹುಕಾರರ ಮುಖ ಮೇಲಕ್ಕೆ ತಿರುಗಿದೆ, ಬಾಗಿಲಲ್ಲಿ ಅಮೋಘಿ ತಟ್ಟೆ ಹಿಡಿದು ನಿಂತಿದ್ದಾಳೆ, ಉಸ್ತಾದರೊಬ್ಬರು ತಲೆ ಎತ್ತಿಲ್ಲ, ಬೆರಳೂ ಎತ್ತಿಲ್ಲ, ತೆಗೆಯಿರಿ, ತೆಗೆಯುತ್ತಾರೆ, ಇನ್ನೂ ತೆಗೆದಿಲ್ಲ, ಬೆರಳಿನ ಆಚೆ ಮೂರು ಗೀಟು, ಸಣ್ಣವು, ಸಮ, ಮೂರು ಗೀಟು, ಹೆಬ್ಬೆರಳು, ಮೂರು ಗೀಟು.